ಬಾಯಿ ಬಿಗಿಯದ ತೋಟಾ

ಕರಡಿ ತಿಂದು ಮುಗಿಸುವ ಮೊದಲು, ಒಬ್ಬನೇ ಬೇಟೆಗೆ ಹೋಗಿದ್ದ ವಾರೆನ್‌ನ ಹೆಣವನ್ನು ಮನೆಗೆ ತರಬೇಕಿತ್ತು. ಕಣಿವೆಯ ಮೇಲೆ ಹಾರಿಹೋದ ಪುಟ್ಟ ವಿಮಾನದವನು ಕರಡಿ ಕೆದರಿ ಮುಚ್ಚಿದ ಮಣ್ಣುಗುಡ್ಡೆಯನ್ನೂ ಅದರಿಂದ ಹೊರಚಾಚಿದ್ದ ಬೂಟನ್ನೂ ಕಂಡಿದ್ದ. ಹೆಂಡತಿ ಆಗ್ನೆಸ್, ಅಪ್ಪ ಟೊರ್ವಾಲ್ಡ್, ತಮ್ಮ ಲೈಲ್ ಮೂವರೂ ದೋಣಿಯನ್ನು ದಡಕ್ಕೆಳೆದು ಹೊಳೆಗುಂಟ ಹೊರಟರು.

ಕೋಡಿಯಾಕ್ ದ್ವೀಪದಲ್ಲಿ ಮೀನು ಸಾಯುವ ಕಾಲ ಅದು. ಮೊಟ್ಟೆಯಿಟ್ಟು ಸೊರಗಿದ ಸಾಲ್ಮನ್‌ಗಳು ಇನ್ನೂ ಬಾಯಿ ಆಡಿಸುತ್ತಿರುವಾಗಲೇ ಕಡಲಹಕ್ಕಿಗಳು ಅವುಗಳ ಕಣ್ಣು ಕುಕ್ಕುತ್ತಿದ್ದವು. ದಡದುದ್ದಕ್ಕೂ ಆಳೆತ್ತರದ ಆಲ್ಡರ್ ಪೊದೆ. ಹತ್ತು ಹೆಜ್ಜೆಯಾಚೆ ಏನಿದ್ದರೂ ಕಾಣದು.

ಆ ಮನೆಯಲ್ಲಿ ಮುದುಕ ಟೊರ್ವಾಲ್ಡ್ ಹಾಕಿದ ಕಟ್ಟಳೆಯೊಂದಿತ್ತು: ಖಾಲಿ ಹಿತ್ತಾಳೆ ಕೊಳವೆಗೆ ಮದ್ದು, ಗುಂಡು ಹಾಕಿ ಇನ್ನೊಬ್ಬರಿಗೆ ತೋಟಾ ತುಂಬಿಕೊಟ್ಟವನೇ ಕಾಡಿನಲ್ಲಿ ಮುಂದೆ ನಡೆಯಬೇಕು. ಆಗ್ನೆಸ್ ತನ್ನವನ್ನು ತಾನೇ ತುಂಬಿಕೊಳ್ಳುತ್ತಿದ್ದಳು. ಲೈಲ್ ತನಗೂ ಅಣ್ಣನಿಗೂ ತುಂಬಿದ್ದ. ಹಾಗಾಗಿ ಲೈಲ್ ಮುಂದೆ.

ಗುಡ್ಡೆ ಸಿಕ್ಕಿತು. ವಾರೆನ್‌ನ ಅರ್ಧವಷ್ಟೇ ಉಳಿದಿತ್ತು. ಆಗ್ನೆಸ್ ಅಳಲಿಲ್ಲ, ತಾಡಪಾಲು ಹಾಸಿ ಉಳಿದದ್ದನ್ನು ಸುತ್ತಿದಳು. ಪಕ್ಕದಲ್ಲಿ ಅವನ ಬಂದೂಕು ಬಿದ್ದಿತ್ತು. ಮುಂದಿನ ತೋಟಾವನ್ನು ಒಳಗೆಳೆಯುವ ಲಿವರ್ ಅರ್ಧಕ್ಕೇ ನಿಂತಿತ್ತು. ಅವಳು ಚಾಕುವಿನಿಂದ ಮೀಟಿ ಸಿಕ್ಕಿಕೊಂಡಿದ್ದ ತೋಟಾ ತೆಗೆದಳು. ಗುಂಡು ಹಿತ್ತಾಳೆಯೊಳಕ್ಕೆ ಕುಸಿದು ಕೂತಿತ್ತು.

"ಬಾಯಿ ಬಿಗಿದಿಲ್ಲ," ಅಂದಳು.

ನಳಿಗೆಯ ಕೆಳಗೆ ತೋಟಾಗಳು ಒಂದರ ಹಿಂದೊಂದು ಮಲಗುವ ಬಂದೂಕು ಅದು. ಒಂದು ಹೊಡೆದರೆ ಆ ಒದೆತಕ್ಕೆ ಮಿಕ್ಕವು ಕುಟ್ಟಿಕೊಳ್ಳುತ್ತವೆ. ಹಿತ್ತಾಳೆಯ ಬಾಯನ್ನು ಗುಂಡಿನ ಗೀರಿಗೆ ಅಮುಕಿ ಬಿಗಿಯದಿದ್ದರೆ ಗುಂಡು ಒಳಸರಿದು ಮುಂದಿನ ತೋಟಾ ನಡುವೆಯೇ ಕಚ್ಚಿಕೊಳ್ಳುತ್ತದೆ.

"ಗುಂಡು ಗಟ್ಟಿಯಾಗೇ ಕೂತಿತ್ತು ಅತ್ತಿಗೆ," ಲೈಲ್ ತಡವರಿಸಿದ. "ಮತ್ತೆ ಅದರ ಕತ್ತು ಹಿಸುಕೋದು ಯಾಕೆ ಅಂತ..."

"ನಿನ್ನ ಬಂದೂಕಲ್ಲಿರೋದೂ ಇವೇನಾ?"

ಅವನು ತಲೆ ತಗ್ಗಿಸಿದ. "ನಿಮ್ಮವು ನಾಲ್ಕು ಕೊಡಿ ಅತ್ತಿಗೆ. ದಮ್ಮಯ್ಯ."

ಆಗ್ನೆಸ್ ಮಾವನ ಮುಖ ನೋಡಿದಳು. ಮುದುಕ ತಾಡಪಾಲಿನ ಹಗ್ಗವನ್ನು ಹೆಗಲಿಗೇರಿಸಿಕೊಂಡ.

"ತುಂಬಿದವನು ಮುಂದೆ," ಅಂದ. "ತುಂಬಿದ್ದನ್ನೇ ಹಿಡ್ಕೊಂಡು."

"ಅಪ್ಪಾ!"

"ನಿಮ್ಮಣ್ಣ ಅದನ್ನೇ ಹಿಡ್ಕೊಂಡಿದ್ದ. ನಡಿ."

ನಡೆದರು. ಹಿಂದೆ ತಾಡಪಾಲು ಎಲೆಗಳ ಮೇಲೆ ಸರಸರ ಜಾರುತ್ತಿತ್ತು.

ಪೊದೆ ಮುರಿಯಿತು.

ಕರಡಿ ಗುರ್ರೆನ್ನದೆ ನುಗ್ಗಿತು. ಲೈಲ್ ಹೊಡೆದ. ಭುಜಕ್ಕೆ ತಗುಲಿತು. ಲಿವರ್ ಎಳೆದ. ಅರ್ಧಕ್ಕೇ ನಿಂತಿತು. ಮತ್ತೆ ಎಳೆದ.

"ಅತ್ತಿಗೇ!"

ಕರಡಿಯ ಕಿವಿ ಆಗ್ನೆಸ್‌ಳ ಗುರಿಯಲ್ಲಿತ್ತು. ಒತ್ತುವುದಷ್ಟೇ ಬಾಕಿ. ಗುಡ್ಡೆಯಿಂದ ಚಾಚಿದ್ದ ವಾರೆನ್‌ನ ಬೂಟು ಕಣ್ಣಮುಂದೆ ಬಂತು. ಅವಳು ಒಂದು ಉಸಿರು ಬಿಟ್ಟಳು, ಇನ್ನೊಂದನ್ನು ಎಳೆದುಕೊಂಡಳು. ಅಷ್ಟರಲ್ಲಿ ಲೈಲ್‌ನ ಮೊಣಕೈ ಕರಡಿಯ ಹಲ್ಲಿನ ನಡುವೆ ಪುಡಿಯಾಯಿತು.

ಆಮೇಲೆ ಹೊಡೆದಳು. ಲಿವರ್ ಎಳೆದು ಮತ್ತೆ ಹೊಡೆದಳು. ಮತ್ತೆ. ಕರಡಿ ಉರುಳಿತು. ಅವಳ ತೋಟಾ ಒಂದೂ ಕಚ್ಚಲಿಲ್ಲ.

ಲೈಲ್‌ನ ತೋಳಿಗೆ ಬೆಲ್ಟು ಬಿಗಿದು ಅವನನ್ನು ಅಣ್ಣನ ಮೇಲೇ ಮಲಗಿಸಿ ಇಬ್ಬರನ್ನೂ ಒಂದೇ ಹಗ್ಗದಲ್ಲಿ ಎಳೆದರು. ದೋಣಿ ಮುಟ್ಟುವಷ್ಟರಲ್ಲಿ ಮುದುಕನ ಅಂಗೈ ಚರ್ಮ ಕಿತ್ತುಹೋಗಿತ್ತು.

"ಅತ್ತಿಗೆ, ತಡ ಮಾಡಿದ್ರಿ," ಲೈಲ್ ಕನವರಿಸಿದಂತೆ ಅಂದ.

"ಹೂಂ."

ಟೊರ್ವಾಲ್ಡ್ ಅವಳತ್ತ ನೋಡಲಿಲ್ಲ. "ಇಬ್ಬರೂ ಮನೆಗೆ ಬರ್ತಿದ್ದಾರಲ್ಲ, ಮಗಳೇ. ಅಷ್ಟು ಸಾಕು."

ಆಗ್ನೆಸ್ ಇಂಜಿನ್ನಿನ ಹಗ್ಗ ಜಗ್ಗಿದಳು. ದೋಣಿ ಮನೆಯ ಕಡೆ ತಿರುಗಿತು.