ಹದಿನಾಲ್ಕನೇ ಟ್ರ್ಯಾಕ್

“ಇಡೀ ಊರಲ್ಲಿ ನಿನಗೆ ನನ್ನ ಮೇಜೇ ಸಿಕ್ಕಿತಾ?”

ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ಎದುರಿಗೆ ರಟ್ಟಿನ ಪೆಟ್ಟಿಗೆ, ಒಳಗೆ ಮೂರು ಬೆರಳಗಲದ ಟೇಪಿನ ಸುರುಳಿ. ಪೆಟ್ಟಿಗೆಯ ಬೆನ್ನ ಮೇಲೆ ಮಾಸಿದ ಶಾಯಿಯಲ್ಲಿ ಒಂದೇ ಪದ...

‘ತುಕ್ಕು.’

ಇಪ್ಪತ್ತೈದು ವರ್ಷದ ಹಿಂದೆ ಆ ಬ್ಯಾಂಡಿನ ಕ್ಯಾಸೆಟ್ಟು ಇಲ್ಲದ ಹಾಸ್ಟೆಲ್ ಕೋಣೆ ಇರಲಿಲ್ಲ. ತಗಡು ಕೊಯ್ದಂಥ ಗಿಟಾರು, ಮಾಸಿದ ಚೌಕಳಿ ಅಂಗಿ, ಮೈಕಿಗೆ ಮುಖ ಕೊಡದೆ ನೆಲ ನೋಡುತ್ತಾ ಹಾಡುವ ಹುಡುಗ. ಈಗ ಆ ದಶಕ ಮತ್ತೆ ಬಂದಿದೆ. ಆಗ ಹುಟ್ಟೇ ಇರದ ಮಕ್ಕಳು ಆ ಬ್ಯಾಂಡಿನ ಅಂಗಿ ತೊಟ್ಟು ತಿರುಗುತ್ತಿದ್ದಾರೆ. ಆಲ್ಬಮ್ಮನ್ನು ಹೊಸದಾಗಿ ಹೊರತರಬೇಕಂತೆ. ಹಳೆಯ ಟೇಪುಗಳ ದನಿಯನ್ನು ಬದುಕಿಸಿ ಕೊಡುವುದು ಅವಳ ಕೆಲಸ.

ಪಕ್ಕದ ಕೋಣೆಯಲ್ಲಿ ಹರಿದ ಕವರುಗಳನ್ನು ಅಂಟಿಸುವ ಅಕ್ಕ ಬಾಗಿಲಲ್ಲಿ ಇಣುಕಿದಳು.

“ಅಯ್ಯೋ, ತುಕ್ಕು! ನಮ್ಮ ಕಾಲದ್ದು ಕಣೇ! ಆ ಹಾಡಿತ್ತಲ್ಲ... ಶುರುವಿನಲ್ಲಿ ಹುಡುಗಿ ಫೋನಲ್ಲಿ ಅಳ್ತಾಳೆ...” ಅಕ್ಕ ಮೂಗು ಮುಚ್ಚಿಕೊಂಡು ರಾಗ ಎಳೆದಳು. “ಬರ್ತೀಯಲ್ವಾ...? ಬರ್ತೀಯಲ್ವಾ...?” ಆಮೇಲೆ ಎರಡೂ ಕೈ ಎತ್ತಿ ತಾನೇ ಕೂಗಿದಳು. “ಬರಲ್ಲಾ!”

ನಕ್ಕು ನಕ್ಕು ಅಕ್ಕನ ಕಣ್ಣಲ್ಲಿ ನೀರು ಬಂತು.

“ಮೈದಾನ ತುಂಬಾ ಜನ ಒಟ್ಟಿಗೇ ಕೂಗ್ತಿದ್ವಿ. ನಾನೂ ಕೂಗಿದೀನಿ. ಆ ಹುಡುಗಿ ನಾಟಕದವಳಿರ್ಬೇಕು ಬಿಡು. ಎಂಥಾ ಅಳು!”

“ಇರ್ಬೇಕು,” ಎಂದಳು ಅವಳು.

ನಾಟಕದವಳಲ್ಲ. ಅವಳೇ.

* * *

ಹಳೆಯ ಟೇಪು ಅಂಟಂಟಾಗುತ್ತದೆ. ಹಾಗೇ ಓಡಿಸಿದರೆ ಹಾಡು ಪುಡಿಯಾಗಿ ಉದುರುತ್ತದೆ. ಅದಕ್ಕೇ ಮೊದಲು ಸಣ್ಣ ಒಲೆಯಲ್ಲಿಟ್ಟು ಹದವಾದ ಶಾಖದಲ್ಲಿ ದಿನವಿಡೀ ಒಣಗಿಸಬೇಕು. ಅವಳು ಒಲೆಯ ಗಾಜಿನಾಚೆ ಆ ಸುರುಳಿಯನ್ನು ನೋಡುತ್ತಾ ಕುಳಿತಳು.

‘ಸ್ವಲ್ಪ ಶಾಖ ಏರಿಸಿದರೆ ಸಾಕು... ಸುಟ್ಟೇ ಹೋಗುತ್ತದೆ.’

ಕೈ ಏಳಲಿಲ್ಲ. ದನಿ ಎತ್ತಿದವರಿಗಿಂತ ಕಿವಿಗೊಟ್ಟವರಿಗೇ ಹೆಚ್ಚು ಪುಣ್ಯ ಎನ್ನುತ್ತಿದ್ದರು ಅಪ್ಪ. ಮುಂಜಾನೆ ಪದ್ಯ ಓದುತ್ತಾ ಮಗಳನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದ ಅಪ್ಪ. ಕೇಳುವುದನ್ನೇ ಪೂಜೆ ಎಂದು ಕಲಿತವಳು ಅವಳು.

ಆ ಅಪ್ಪ ಒಂದು ಭಾನುವಾರ ಕ್ಷೌರದ ಅಂಗಡಿಯಿಂದ ಅರ್ಧಕ್ಕೇ ಎದ್ದು ಬಂದಿದ್ದರು. ಒಂದು ಕೆನ್ನೆ ನುಣುಪು, ಇನ್ನೊಂದರ ಮೇಲೆ ಒಣಗಿದ ನೊರೆ. ಅಂಗಡಿಯ ರೇಡಿಯೋದಲ್ಲಿ ಮಗಳು ಅಳುತ್ತಿದ್ದಳು. ಕುಳಿತಿದ್ದವರೆಲ್ಲ ನಗುತ್ತಿದ್ದರು.

ಅಪ್ಪ ಏನೂ ಕೇಳಲಿಲ್ಲ. ಮನೆಯ ರೇಡಿಯೋವನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನೊಳಗಿಟ್ಟರು. ಸಾಯುವವರೆಗೂ ತೆಗೆಯಲಿಲ್ಲ. ಮುಂಜಾನೆಯ ಪದ್ಯವೂ ಅಂದೇ ನಿಂತುಹೋಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಟೇಪಿಗೆ ಸಿಕ್ಕ ಮಾತು ಮಾತ್ರ ಹೋಗುವುದೇ ಇಲ್ಲ!

ಮರುದಿನ ಬೆಳಿಗ್ಗೆ ಟೇಪನ್ನು ಯಂತ್ರಕ್ಕೆ ಏರಿಸಿದಳು. ಇಪ್ಪತ್ತನಾಲ್ಕು ಟ್ರ್ಯಾಕು. ಒಂದೊಂದರಲ್ಲೂ ಒಂದೊಂದು ದನಿ. ಡ್ರಮ್ಮು, ಬೇಸು, ಗಿಟಾರು, ನೆಲ ನೋಡುತ್ತಾ ಹಾಡುವ ಅವನು... ಒಂದೊಂದನ್ನೇ ತೆರೆದು ಕೇಳಿದಳು. ಎಲ್ಲ ಕಡೆ ಕಿವಿ ಹುಳುಕನ್ನೇ ಹುಡುಕುತ್ತಿತ್ತು. ಸಿಗಲಿಲ್ಲ. ಆ ಹಾಡು, ಅಯ್ಯೋ, ಚೆನ್ನಾಗಿತ್ತು! ಕೆಟ್ಟದಾಗಿದ್ದರೆ ಎಷ್ಟು ಒಳ್ಳೆಯದಿತ್ತು!

ಹದಿಮೂರನೆಯದನ್ನು ತೆರೆದಳು.

“ಶುಕ್ರವಾರ ಬಸ್ ಸ್ಟ್ಯಾಂಡಲ್ಲಿ ಆರು ಗಂಟೆವರೆಗೂ ಇರ್ತೀನಿ. ಅಪ್ಪ ಬೇರೆ ಕಡೆ ಗಂಡು ನೋಡ್ತಿದಾರೆ. ನೀನು ಬರ್ಲಿಲ್ಲ ಅಂದ್ರೆ ಮುಗೀತು ಅಂದ್ಕೋತೀನಿ. ಬರ್ತೀಯಲ್ವಾ...? ಬರ್ತೀಯಲ್ವಾ...?”

ಇಪ್ಪತ್ತೊಂದು ವರ್ಷದ ಹುಡುಗಿ, ಅವನ ಮನೆಯಲ್ಲಿ ಯಾರೂ ಎತ್ತದ ಫೋನಿನ ಯಂತ್ರಕ್ಕೆ ಹೇಳಿಟ್ಟ ಮಾತು. ಅವಳ ಹಿಂದೆ ಎಲ್ಲೋ ಬಸ್ಸಿನ ಹಾರನ್ನು.

ಅಂದು ಆರಾಯಿತು. ಏಳಾಯಿತು. ಅವನು ಬರಲಿಲ್ಲ. ನಾಲ್ಕು ತಿಂಗಳ ಮೇಲೆ ಬಂದದ್ದು ಆ ಹಾಡು.

ಕೆಂಪು ಗುಂಡಿಯ ಮೇಲೆ ಬೆರಳಿಟ್ಟಳು. ಒಂದು ಸಲ ಒತ್ತಿದರೆ ಹದಿಮೂರನೇ ಟ್ರ್ಯಾಕು ಬರಿದು. ಮೂಲ ಟೇಪನ್ನು ಮುಟ್ಟಬಾರದು ಎನ್ನುವುದು ಈ ಕೆಲಸದ ಮೊದಲ ನೇಮ. ಹದಿನೇಳು ವರ್ಷ ಅದನ್ನು ಮೀರಿದವಳಲ್ಲ.

‘ಇವತ್ತು ಮೀರುತ್ತೇನೆ. ಅಪ್ಪನಿಗೋಸ್ಕರ.’

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು!

“ಟೇಪ್‌ನೋರು ಇದಾರಾ? ಟ್ರ್ಯಾಕಿನ ಚೀಟಿ ಪೆಟ್ಟಿಗೆಯಲ್ಲಿ ಹಾಕೋದು ಮರೆತಿದ್ರು. ನಾನು ಆ ಬ್ಯಾಂಡಿನ...”

ಅವಳು ಕುರ್ಚಿ ತಿರುಗಿಸಿದಳು.

ಅವನ ಕೈಯಿಂದ ಚೀಟಿ ಜಾರಿತು. ಗೋಡೆ ಹಿಡಿದುಕೊಂಡ. ಕೂದಲು ಅರ್ಧ ಬೆಳ್ಳಗಾಗಿತ್ತು. ಮುಖ ಪೂರ್ತಿ ಬೆಳ್ಳಗಾಗಿತ್ತು.

“ನೀನು... ನೀನು ಸತ್ತು...”

“ಕೂತ್ಕೊಳ್ಳಿ,” ಎಂದಳು. “ಸತ್ತವರ ಮನೆಗೆ ಬಂದು ನಿಂತ್ಕೊಂಡೇ ಹೋಗ್ಬಾರ್ದು.”

* * *

“ನಿಮ್ಮನೆಗೆ ಬಂದಿದ್ದೆ ಮೆಲ್ಲಿ...”

ಮೆಲ್ಲಗೆ ಮಾತಾಡುತ್ತಾಳೆಂದು ಅವನೇ ಇಟ್ಟ ಹೆಸರು. ಅದನ್ನು ಕೇಳಿ ಎಷ್ಟು ಕಾಲವಾಗಿತ್ತು! ಮುಖದಲ್ಲಿ ತೋರಗೊಡಲಿಲ್ಲ.

“ಹಾಡು ಬಂದು ಎಂಟು ತಿಂಗಳಾದ ಮೇಲೆ ವಿಳಾಸ ಸಿಕ್ತು. ನಿಮ್ಮಪ್ಪ ಬಾಗಿಲು ತೆಗೆದ್ರು. ಆ ಹುಡುಗಿ ಹೋದಳಪ್ಪಾ, ನೀವು ಹೊರಡಿ ಅಂದ್ರು. ಇಷ್ಟು ವರ್ಷ ನಾನು...”

“ನಾನೇ ಹೇಳ್ಸಿದ್ದು. ಬಾಗಿಲ ಹಿಂದೇನೇ ಇದ್ದೆ. ಜೀವಮಾನದಲ್ಲಿ ಸುಳ್ಳಾಡದ ಮನುಷ್ಯನ ಬಾಯಲ್ಲಿ ಅದೊಂದು ಸುಳ್ಳಾಡಿಸ್ದೆ. ನೀವು ಮೆಟ್ಟಿಲ ಮೇಲೆ ಕುಸಿದದ್ದು ಕಿಂಡಿಯಿಂದ ಕಾಣ್ತಿತ್ತು. ನೋಡ್ತಾ ನಿಂತಿದ್ದೆ.”

ಅವನು ತಲೆ ತಗ್ಗಿಸಿದ.

“ನೋಡಿ ಏನನ್ನಿಸ್ತು?”

“ಖುಷಿಯಾಯ್ತು,” ಎಂದಳು. ನಿಜವನ್ನೇ ಹೇಳಿದಳು. “ಒಂದು ವಾರ ಖುಷಿಯಾಗಿತ್ತು.”

‘ಆಮೇಲೆ?’ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಅವಳು ಅತ್ತುಬಿಡುತ್ತಿದ್ದಳೋ ಏನೋ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

“ಬಲಗಡೆ ಬಾ,” ಎಂದು ಅವನೇ ಕುರ್ಚಿ ಸರಿಸಿಕೊಂಡ. “ಎಡಗಿವಿ ಹೋಗಿದೆ. ಅಣ್ಣನ ಡ್ರಮ್ಮಿನ ಪಕ್ಕ ನಿಂತೂ ನಿಂತೂ...”

ಅಣ್ಣ! ಬ್ಯಾಂಡಿನ ಡ್ರಮ್ಮು ಅವನ ಅಣ್ಣನದು. ಯಜಮಾನಿಕೆಯೂ ಅಣ್ಣನದೇ. ಅಪ್ಪನಿಲ್ಲದ ಮನೆಯಲ್ಲಿ ಸಾಕಿದವನು. ಅಣ್ಣ ಕೂತ್ಕೋ ಎಂದರೆ ಇವನು ಕೂರುತ್ತಿದ್ದ, ಏಳು ಎಂದರೆ ಏಳುತ್ತಿದ್ದ. “ನಿನ್ನ ನಾಲಿಗೆಗೆ ‘ಇಲ್ಲ’ ಅನ್ನೋ ಅಕ್ಷರಾನೇ ಕಲಿಸಿಲ್ವಾ?” ಎಂದು ಅವಳು ಆಗಲೂ ರೇಗಿಸುತ್ತಿದ್ದಳು.

“ಕೇಳಿ,” ಎಂದು ಹದಿಮೂರನೆಯದನ್ನು ಹಾಕಿದಳು. ಬರ್ತೀಯಲ್ವಾ? ಮುಗಿಯಿತು. ಮತ್ತೆ ಹಾಕಿದಳು. ಮೂರನೇ ಸಲವೂ ಹಾಕಿದಳು.

“ಸಾಕು ಮೆಲ್ಲಿ...”

“ಸಾಕಾ? ಮೂರಕ್ಕೇ? ಮೈದಾನದಲ್ಲಿ ‘ಬರಲ್ಲ’ ಅಂತ ಮೊದಲು ಕೂಗಿದ್ದು ಯಾರು?”

“ಅಣ್ಣ. ತಮಾಷೆಗೆ.”

“ಎರಡನೇ ಊರಲ್ಲಿ?”

ಅವನು ಬೆರಳಿನಿಂದ ಮೇಜಿನ ಅಂಚನ್ನು ಉಜ್ಜಿದ.

“ಜನ ಕೂಗಿದ್ರು. ನಾನು... ಮೈಕನ್ನ ಅವರ ಕಡೆ ತಿರುಗಿಸ್ದೆ.”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅವಳಿಗೆ ಅದೇ ಹೆಚ್ಚು ಉರಿಯಿತು.

ಬಿದ್ದಿದ್ದ ಚೀಟಿಯನ್ನು ಎತ್ತಿಕೊಂಡಳು. ಯಾವ ಟ್ರ್ಯಾಕಿನಲ್ಲಿ ಏನಿದೆ ಎಂದು ಅಂದೇ ಬರೆದಿಟ್ಟ ಪಟ್ಟಿ. ಹದಿಮೂರರ ಮುಂದೆ ‘ಹುಡುಗಿ, ಫೋನು’. ಹದಿನಾಲ್ಕರ ಮುಂದೆ ಏನೋ ಬರೆದಿತ್ತು. ಅದರ ಮೇಲೆ ಕೆಂಪು ಶಾಯಿಯಲ್ಲಿ ದಪ್ಪಗೆ ಅಣ್ಣನ ಕೈಬರಹ. ‘ಬೇಡ’.

“ಹದಿನಾಲ್ಕರಲ್ಲಿ ಏನಿದೆ?”

ಅವನು ಗಾಬರಿಯಿಂದ ಎದ್ದ. “ಅದನ್ನ ಅಳಿಸಿರ್ಬೇಕು. ಅಣ್ಣ ಅಳಿಸ್ದೆ ಅಂದಿದ್ದ...”

ಅವಳು ಗುಂಡಿ ಒತ್ತಿದಳು.

ಕೆಮ್ಮಿದ ಸದ್ದು. ಕುರ್ಚಿ ಎಳೆದ ಸದ್ದು. ಆಮೇಲೆ ಓಡಿಬಂದವನಂತೆ ಏದುಸಿರು ಬಿಡುವ ಇಪ್ಪತ್ತಮೂರರ ಹುಡುಗನ ದನಿ.

“ಮೆಲ್ಲಿ, ಈಗಷ್ಟೇ ಕೇಳಿಸ್ಕೊಂಡೆ. ಈಗಷ್ಟೇ... ಬರ್ತೀನಿ. ಎಲ್ಲಿದ್ರೂ ಬರ್ತೀನಿ. ಆರು ಗಂಟೆ ಆಗೋಗಿದ್ರೂ ಬರ್ತೀನಿ. ಅಲ್ಲೇ ಇರು ಕಣೇ...”

ಟೇಪು ಸುತ್ತುತ್ತಲೇ ಇತ್ತು.

“ಆ ಫೋನ್ ಯಂತ್ರದ ಕ್ಯಾಸೆಟ್ಟನ್ನ ಅಣ್ಣ ತೆಗೆದಿಟ್ಕೊಂಡಿದ್ದ,” ಅವನು ಕೊನೆಗೆ ಬಾಯಿಬಿಟ್ಟ. “ಹತ್ತೊಂಬತ್ತು ದಿನ ಆದ್ಮೇಲೆ ಸ್ಟುಡಿಯೋದಲ್ಲಿ ಎಲ್ಲರ ಮುಂದೆ ಹಾಕ್ದ. ‘ನೋಡ್ರೋ, ಇವನ ಗುಬ್ಬಚ್ಚಿ!’ ಅಂತ. ಹಾಸ್ಟೆಲಿಗೆ ಓಡಿದೆ. ನೀನು ಖಾಲಿ ಮಾಡಿದ್ದೆ. ವಿಳಾಸ ಯಾರೂ ಕೊಡ್ಲಿಲ್ಲ. ವಾಪಸ್ ಬಂದು ಮೈಕ್ ಮುಂದೆ ಕೂತೆ... ನಿನ್ನ ವಿಳಾಸ ನಂಗೆ ಗೊತ್ತಿಲ್ಲ, ರೇಡಿಯೋಗೆ ಎಲ್ಲರ ವಿಳಾಸಾನೂ ಗೊತ್ತು ಅಂದ್ಕೊಂಡೆ. ನಿನ್ನ ಪ್ರಶ್ನೆ, ನನ್ನ ಉತ್ತರ, ಆಮೇಲೆ ಹಾಡು. ಹಾಗೆ ಮಾಡಿದ್ದು.”

ಪೆದ್ದ! ಫೋನಿಗೆ ಆಲ್ಬಮ್ಮಿನಲ್ಲಿ ಉತ್ತರ ಕೊಡುವ ಪೆದ್ದ! ಆದರೂ ಇನ್ನೊಂದು ಪ್ರಶ್ನೆ ಉಳಿದಿತ್ತು. ಅದು ಚೂರಿಯಂಥದ್ದು.

“ಉತ್ತರ ತೆಗೆದುಹಾಕಿದ್ದು... ಹಾಡು ಹೊರಗೆ ಬರೋ ಮುಂಚೆ ನಿನಗೆ ಗೊತ್ತಿತ್ತಾ?”

‘ನೀವು’ ಯಾವಾಗ ‘ನೀನು’ ಆಯಿತೋ ಅವಳಿಗೇ ತಿಳಿಯಲಿಲ್ಲ.

“ಗೊತ್ತಿತ್ತು.”

“ಏನಂದೆ ಅಣ್ಣನಿಗೆ?”

“ಅಳು ಒಂದೇ ಇದ್ರೆ ಜನಕ್ಕೆ ಹಿಡಿಸುತ್ತೆ ಅಂದ. ನಾನು... ಸರಿ ಅಂದೆ.”

ಸರಿ! ಎರಡೇ ಅಕ್ಷರ. ಅದರ ಕೆಳಗೆ ಒಬ್ಬ ತಂದೆಯ ಅರ್ಧ ಬೋಳಿಸಿದ ಮುಖ. ಒಬ್ಬ ಮಗಳ ಇಪ್ಪತ್ತೈದು ವರ್ಷ.

“ನೀನು ಸತ್ತೆ ಅಂತ ಕೇಳಿದ ಮೇಲೆ ಆ ಹಾಡು ಹಾಡೋಕೆ ಬಾಯಿ ತೆಗೆದೆ. ದನಿ ಏಳ್ಲಿಲ್ಲ. ಯಾವ ಹಾಡಿಗೂ ಏಳ್ಲಿಲ್ಲ. ಗಂಟಲ ಕಾಯಿಲೆ ಅಂತ ಪೇಪರಿನಲ್ಲಿ ಬರೆಸ್ದ ಅಣ್ಣ. ಬ್ಯಾಂಡು ಅಲ್ಲಿಗೇ ಮುಗೀತು.” ಅವನು ಯಂತ್ರದ ಕೆಂಪು ಗುಂಡಿಯನ್ನು ನೋಡಿದ. “ನಾನು ಬಂದಾಗ ನಿನ್ನ ಬೆರಳು ಅದರ ಮೇಲಿತ್ತು. ಅಳಿಸೋಕೆ ಹೊರಟಿದ್ಯಲ್ಲ? ಅಳಿಸು. ನಾನು ನೋಡೇ ಇಲ್ಲ.”

ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕಿವಿ ಸರಿಯಿಲ್ಲದ್ದಕ್ಕೆ ಎಂದಿನಂತೆ ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದ. ಅಣ್ಣನ ದನಿ ಕೋಣೆ ತುಂಬಿತು.

“ಏನೋ, ಚೀಟಿ ಕೊಟ್ಯಾ? ಕೇಳಿಲ್ಲಿ. ಅದರಲ್ಲಿ ಹದಿನಾಲ್ಕು ಉಳಿದಿದ್ರೆ ಹಾಕ್ಬೇಡಿ ಅಂತ ಹೇಳಿ ಬಾ. ಜನಕ್ಕೆ ಬೇಕಿರೋದು ಆ ಅಳು. ಮುಂದಿನ ತಿಂಗಳು ಸ್ಟೇಜು ಕಟ್ಟಿಸ್ತಿದೀನಿ, ಹತ್ತು ಸಾವಿರ ಗಂಟಲು ‘ಬರಲ್ಲ’ ಅನ್ಬೇಕು! ನೀನು ಬಾಯಾಡಿಸಿದ್ರೆ ಸಾಕು.”

ಅವನು ನೆಲ ನೋಡಿದ.

“ಏನು ಯೋಚ್ನೆ? ಆ ಹುಡುಗಿಯ ಅಪ್ಪಣೆ ಬೇಕಾ? ಸತ್ತವಳು ಎದ್ದು ಬಂದು ಕೇಸ್ ಹಾಕ್ತಾಳೇನೋ? ಸರಿ ಅನ್ನು, ಇಡ್ತೀನಿ.”

ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು. ‘ಈಗ ಬರುತ್ತದೆ ಆ ಎರಡಕ್ಷರ. ಬರಲಿ. ಬಂದರೆ ಗುಂಡಿ ಒತ್ತುತ್ತೇನೆ. ಎರಡೂ ದನಿ ಅಳಿಸುತ್ತೇನೆ. ನನ್ನದೂ... ಇವನದೂ...’

ಅವನು ನೆಲದಿಂದ ಕಣ್ಣೆತ್ತಿದ.

“ಆಗಲ್ಲ ಅಣ್ಣಾ.”

“ಏನಂದೆ?”

“ಆಗಲ್ಲ ಅಂದೆ. ಹದಿನಾಲ್ಕು ಇಲ್ದೆ ಹದಿಮೂರು ಹೊರಗೆ ಹೋಗಲ್ಲ. ಅದೂ ಅವಳು ಒಪ್ಪಿದ್ರೆ. ಸ್ಟೇಜಿಗೆ ನಾನು ಬರಲ್ಲ.”

“ಅವಳು? ಯಾವಳೋ ಅವಳು?”

ಅವಳು ಫೋನಿನ ಹತ್ತಿರ ಬಾಗಿದಳು.

“ನಾನೇ ಭಾವಾ. ಗುಬ್ಬಚ್ಚಿ.”

ಆ ಕಡೆ ಏನೋ ಬಿದ್ದು ಒಡೆದ ಸದ್ದು. ಅವಳೇ ಫೋನು ಕತ್ತರಿಸಿದಳು. ಎಷ್ಟೋ ವರ್ಷದ ಮೇಲೆ ಅವಳಿಗೆ ನಗು ಬಂತು. ನಗುತ್ತಾ ನಗುತ್ತಾ ಕಣ್ಣು ಹರಿಯಿತು.

“ತಡವಾಯ್ತು,” ಎಂದ ಅವನು.

“ತುಂಬಾ ತಡವಾಯ್ತು. ಅಪ್ಪ ಕೇಳಿಸ್ಕೊಳ್ಳೋಕೆ ಇಲ್ಲ.” ಕಣ್ಣೊರೆಸಿಕೊಂಡಳು. “ಕ್ಷಮಿಸಿದೆ ಅಂತ ಅಂದ್ಕೋಬೇಡ. ಅದಕ್ಕೆ ಇನ್ನೂ ಎಷ್ಟು ದಿನ ಬೇಕೋ ಗೊತ್ತಿಲ್ಲ.”

“ಇರ್ತೀನಿ. ಆರು ಗಂಟೆವರೆಗಲ್ಲ... ಎಷ್ಟು ದಿನ ಆದ್ರೂ.”

ಅವಳು ಪೆನ್ನು ತೆಗೆದುಕೊಂಡಳು. ಚೀಟಿಯಲ್ಲಿ ಹದಿಮೂರರ ಮುಂದಿದ್ದ ‘ಹುಡುಗಿ’ಯನ್ನು ಹೊಡೆದುಹಾಕಿ ತನ್ನ ಪೂರ್ತಿ ಹೆಸರು ಬರೆದಳು. ಹದಿನಾಲ್ಕರ ಮುಂದಿನ ‘ಬೇಡ’ಕ್ಕೂ ಅಡ್ಡಗೆರೆ ಎಳೆದಳು. ಆಮೇಲೆ ಯಂತ್ರ ಆರಿಸಿ ಸುರುಳಿಯನ್ನು ಕೈಗೆತ್ತಿಕೊಂಡಳು. ಓಡಿದ ಬಿಸಿ ಅದರಲ್ಲಿ ಇನ್ನೂ ಇತ್ತು.

ಅವನು ಬಲಗಿವಿಯನ್ನು ಅವಳತ್ತ ತಿರುಗಿಸಿ ಮಗುವಿನಂತೆ ಕೇಳಿದ.

“ಮೆಲ್ಲಿ... ಆ ಹದಿನಾಲ್ಕನ್ನ ಇನ್ನೊಂದೇ ಒಂದು ಸಲ ಹಾಕ್ತೀಯಾ?”

ಅವಳು ಸುರುಳಿಯನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಮುಚ್ಚಿದಳು. ಕುರ್ಚಿಯನ್ನು ಅವನ ಬಲಗಡೆಗೆ ಎಳೆದುಕೊಂಡು ಎದುರಿಗೇ ಕುಳಿತಳು, ಅಪ್ಪನ ಪದ್ಯಕ್ಕೆ ಕೂರುತ್ತಿದ್ದಂತೆ.

“ಇಲ್ಲ,” ಎಂದಳು ಮೆಲ್ಲಗೆ. “ಇಷ್ಟು ವರ್ಷ ಟೇಪಿನ ಕೈಲಿ ಹೇಳ್ಸಿದ್ದು ಸಾಕು, ನೀನೇ ಹೇಳು. ಹಾಕಲ್ಲ.”