ಪಾದಕ್ಕೆ ಒಂದು ಗೇಣು ಕಡಿಮೆ

ಹೆಣ್ಣು ನೋಡಲು ಹೋಗುವ ದಿನ ಹೊಸ ಪ್ಯಾಂಟು ಹಾಕಬಾರದು. ಹಾಕಿದರೂ ಬಿಗಿಯಾದದ್ದು ಹಾಕಬಾರದು. ಹಿಪ್ಪರಗಿಯ ಸೋಮಲಿಂಗನಿಗೆ ಈ ಬುದ್ಧಿ ಬಂದದ್ದು ಜಮಖಂಡಿಯ ಕಾವ್ಯಳ ಮನೆಯ ಪಡಸಾಲೆಯಲ್ಲಿ, ಅರ್ಧ ಬಗ್ಗಿ ನಿಂತಾಗ.

ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ನಡೆದಿತ್ತು. ಉಪ್ಪಿಟ್ಟು, ಶೇವು, ಚಹಾ ಆಗಿತ್ತು. ಹುಡುಗಿ ಸಾಲಿಯೊಂದರಲ್ಲಿ ಪಿ.ಟಿ. ಟೀಚರ್ ಅಂತ ಗೊತ್ತಾಗಿತ್ತು. ಚಹಾದ ಕಪ್ಪು ಕೊಡುವಾಗ ಆಕೆ ಒಮ್ಮೆ ನೇರವಾಗಿ ನೋಡಿದ್ದಳು. ನೆಲ ನೋಡುತ್ತಾ ಕೊಡುವವರನ್ನೇ ಕಂಡಿದ್ದ ಸೋಮಲಿಂಗ ಬಿಸಿ ಚಹಾವನ್ನು ಊದದೆಯೇ ಕುಡಿದಿದ್ದ. ಇವಳೇ, ಅಂತ ಒಳಗೆ ಯಾರೋ ಹೇಳಿದಂತಾಗಿತ್ತು.

ಆಗ ಹುಡುಗಿಯ ಸೋದರಮಾವ ಚನಮಲ್ಲಪ್ಪ, ಈ ಸಂಬಂಧ ತಂದವನೂ ಅವನೇ, ಗಂಟಲು ಸರಿಮಾಡಿಕೊಂಡು, "ತಮ್ಮಾ, ಆಯಿಗೆ ನಮಸ್ಕಾರ ಮಾಡ್ಪಾ" ಅಂದ.

ಆಯಿ ಅಂದರೆ ಕಾವ್ಯಳ ಅಜ್ಜಿ ಇಂದ್ರವ್ವ. ಕುರ್ಚಿಯಲ್ಲಿ ಕೂತು ಎರಡೂ ಕಾಲು ಮುಂದೆ ಚಾಚಿ ಕಾಯುತ್ತಿದ್ದಳು. ಆ ಮನೆಯಲ್ಲಿ ಹೆಣ್ಣು ಕೇಳಲು ಬಂದವನು ಮೊದಲು ಆಕೆಯ ಪಾದ ಮುಟ್ಟಬೇಕು. ಆಕೆ ತಲೆ ಮೇಲೆ ಕೈಯಿಟ್ಟರೆ ಮುಂದಿನ ಮಾತು, ಇಲ್ಲವಾದರೆ ಚಹಾ ಕುಡಿದದ್ದೇ ಲಾಭ.

ಸೋಮಲಿಂಗ ಬಗ್ಗಿದ. ವರ್ಷಗಟ್ಟಲೆ ಕಬ್ಬಿನ ಟ್ರ್ಯಾಕ್ಟರಿನ ಸೀಟಿನ ಮೇಲೆ ಕೂತ ಮೈ. ತೊಡೆಯ ಹಿಂದೆ ಹಗ್ಗ ಜಗ್ಗಿದಂತಾಯಿತು. ಕೈ ಇಳಿಯುತ್ತಾ ಇಳಿಯುತ್ತಾ ಆಯಿಯ ಪಾದದಿಂದ ಒಂದು ಗೇಣು ಮೇಲೆ ಗಪ್ಪನೆ ನಿಂತುಬಿಟ್ಟಿತು. ಇನ್ನಷ್ಟು ಬಗ್ಗಲು ನೋಡಿದ. ಹಿಂದೆ ಪ್ಯಾಂಟಿನ ಹೊಲಿಗೆ 'ಚರ್' ಅಂತು. ಮೊಣಕಾಲು ಊರುವ ದಾರಿಯೂ ಅಲ್ಲಿಗೆ ಮುಚ್ಚಿಹೋಯಿತು. ಅವನು ಆ ಗೇಣಿನ ಗಾಳಿಯನ್ನೇ ಮುಟ್ಟಿ, ಕಣ್ಣಿಗೆ ಒತ್ತಿಕೊಂಡು, ಎದ್ದು ಗೋಡೆಗೆ ಬೆನ್ನು ಹಚ್ಚಿ ನಿಂತ.

ಇಂದ್ರವ್ವ ಚಾಚಿದ ಕಾಲು ಹಿಂದೆ ತಗೊಂಡಳು. ಬಾಗಿಲ ಹತ್ತಿರ ಕಾವ್ಯ ಸೆರಗು ಕಚ್ಚಿ ನಗು ತಡೆಯುತ್ತಿದ್ದಳು. ಕಣ್ಣಲ್ಲಿ ನೀರೇ ಬಂದಿತ್ತು.

ಮರುದಿನ ಚನಮಲ್ಲಪ್ಪನ ಫೋನು ಬಂತು. "ಹುಡುಗ ಛಲೋ, ಹೊಲಾ ಛಲೋ, ಮನಿತನಾನೂ ಛಲೋ. ಆದ್ರ ಸೊಕ್ಕ ಭಾಳ ಐತಿ ಅಂದ್ಳು ಆಯಿ. ನನ್ನ ಪಾದಾ ಮುಟ್ಟಾಕ ನಾಚೂ ಹುಡುಗ ನಮ್ಮ ಕೂಸಿನ್ನ ಹೆಂಗ ನೋಡಕೋತಾನ ಅಂತ ಕೇಳ್ತಾಳ."

ಸೋಮಲಿಂಗನ ಅಪ್ಪ ಶಿವಯೋಗೆಪ್ಪ ಫೋನಿಟ್ಟು ಮಗನನ್ನು ಕಾಲಿಂದ ತಲೆಯವರೆಗೆ ನೋಡಿದ. "ಲೇ, ಸೊಕ್ಕ ಮಾಡಾಕ ನಿನಗ ಅದ ದಿನಾ ಸಿಕ್ಕಿತ್ತೇನ?"

ಸೊಕ್ಕು ಅಂದದ್ದು ಸೋಮಲಿಂಗನಿಗೆ ಅಷ್ಟು ನೋಯಲಿಲ್ಲ. ಆ ಹುಡುಗಿ ನಕ್ಕದ್ದು ನೋಯುತ್ತಿತ್ತು.

*

ಕಬ್ಬಿನ ಹಂಗಾಮು. ದಿನಾ ನಸುಕಿನಲ್ಲಿ ತುಂಬಿದ ಟ್ರಾಲಿ ಎಳೆದುಕೊಂಡು ಜಮಖಂಡಿ ದಾಟಿ ಕಾರ್ಖಾನೆಗೆ ಹೋಗುವುದು ಅವನ ಕೆಲಸ. ಆ ವಾರ ಒಂದು ಬೆಳಿಗ್ಗೆ ರಸ್ತೆ ಬದಿಯ ಸಮುದಾಯ ಭವನದ ಕಿಟಕಿಯಲ್ಲಿ ಸಾಲಾಗಿ ಕೈಗಳು ಮೇಲೇಳುವುದು ಕಂಡಿತು. ಬಳೆ ತುಂಬಿದ, ಸುಕ್ಕುಗಟ್ಟಿದ ಕೈಗಳು. ಅವುಗಳ ಮುಂದೆ ಓಢಣಿಯನ್ನು ನಡಕ್ಕೆ ಬಿಗಿದುಕೊಂಡು ವ್ಯಾಯಾಮ ಹೇಳಿಕೊಡುತ್ತಾ ನಿಂತಿದ್ದವಳು ಕಾವ್ಯ.

ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು. ಹಿಂದಿನ ಬಸ್ಸಿನ ಹಾರ್ನಿಗೆ ಇಡೀ ಓಣಿ ಎದ್ದಿತು. ಕಾವ್ಯ ಹೊರಗೆ ಬಂದಳು.

"ಏನ್ರಿ, ಅವತ್ತ ನಮಸ್ಕಾರ ಅರ್ಧಾ ಬಿಟ್ಟ ಹೋಗಿದ್ರಿ. ಉಳದದ್ದ ಮಾಡಾಕ ಬಂದೀರೇನು?"

"ನಗ್ರಿ, ನಗ್ರಿ. ಅವತ್ತೂ ನಕ್ಕೀರಿ."

"ನಿಮಗ ನಗಲಿಲ್ರಿ. ನಿಮ್ಮ ಪ್ಯಾಂಟ್ ಮಾತಾಡ್ತಲ್ರಿ, ಅದಕ್ಕ ನಕ್ಕೆ."

ಸೋಮಲಿಂಗನ ಕಿವಿ ಕೆಂಪಾದವು. ಅದನ್ನು ನೋಡಿ ಅವಳ ದನಿ ಮೆತ್ತಗಾಯಿತು.

"ಆಯಿಗೆ ಸೊಕ್ಕ ಕಂಡೈತಿ. ನಾ ದಿನಾ ಹುಡುಗರಿಗೆ ಪಿ.ಟಿ. ಕಲಸಾಕಿ, ನನಗ ಬ್ಯಾರೇನ ಕಂಡೈತಿ. ಕೂತ ಕೂತ ತೊಡಿ ಹಿಂದ ಬಿಗದೈತಿ, ನಡ ಬಗ್ಗವಲ್ದು. ಹೌದಲ್ರಿ? ಆಯಿಗೆ ಖರೆ ಹೇಳಿಬಿಡ್ಲೇನು?"

"ಅಯ್ಯ, ಬ್ಯಾಡ್ರಿ!" ಸೋಮಲಿಂಗ ಟ್ರ್ಯಾಕ್ಟರಿನಿಂದ ಇಳಿದೇಬಿಟ್ಟ. "ಸೊಕ್ಕ ಐತಿ ಅಂದ್ರ ನಾಕ ಮಂದಿ ಅಂಜತಾರ. ನಡ ಬಗ್ಗೂದಿಲ್ಲ ಅಂತ ಸುದ್ದಿ ಆದ್ರ ರಬಕವಿಯಿಂದ ಮುಧೋಳ ತನಾ ಒಬ್ರೂ ಹೆಣ್ಣ ಕೊಡೂದಿಲ್ರಿ."

"ಹಂಗಾದ್ರ ಬಗ್ಗೂದ ಕಲೀರಿ. ಒಳಗ ಬರ್ರಿ."

"ಒಳಗ ಬರೇ ಹೆಣ್ಮಕ್ಕಳ ಅದಾರಲ್ರಿ."

"ಎಲ್ಲಾರೂ ಅರವತ್ತ ದಾಟ್ಯಾರ. ಆದ್ರ ಅವರ ನಡ ನಿಮ್ಮ ನಡಕ್ಕಿಂತ ಸಣ್ಣ ವಯಸ್ಸಿನವು ಅದಾವ, ಬರ್ರಿ."

ಒಳಗೆ ಹೋದದ್ದೇ ತಡ, ಇಂದ್ರವ್ವನ ಪಕ್ಕದ ಮನೆಯ ಬಾಳವ್ವ ಕನ್ನಡಕ ಏರಿಸಿ ನೋಡಿದಳು. "ಏ ಕಾವ್ಯಾ, ಇದ್ಯಾವ ಕಂಬಾ ತಂದ ನಿಲ್ಲಿಸಿದಿ ಬೇ? ಮಾಳಗಿಗೆ ಹಾಕೂದೇನು?"

ಕಾವ್ಯ ಎಲ್ಲರನ್ನೂ ಗದರಿದಳು, ನಗುತ್ತಲೇ. "ಈ ಸುದ್ದಿ ಆಯಿ ಕಿವಿಗೆ ಹೋಗಬಾರದ, ನೋಡ್ರಿ ಮತ್ತ."

"ನಾ ಯಾಕ ಹೇಳ್ಲೇ ಯವ್ವಾ" ಅಂದಳು ಬಾಳವ್ವ, ಕಣ್ಣು ಕಿಟಕಿಯಾಚೆಯ ಟ್ರಾಲಿಯ ಮೇಲಿಟ್ಟು. "ಆದ್ರ ಸುಮ್ಮನ ಇರೂ ಬಾಯಾಗ ಏನರ ಇರಬೇಕಲ್ಲ."

ಅಂದಿನಿಂದ ಕ್ಲಾಸು ಮುಗಿದ ಮೇಲೆ ಹೆಂಗಸರೆಲ್ಲ ಟ್ರಾಲಿಯಿಂದ ಒಂದೊಂದು ಕಬ್ಬು ಎಳೆದುಕೊಂಡು ಹೋಗುವುದು ಪದ್ಧತಿಯಾಯಿತು. ಬಾಳವ್ವ ಮಾತ್ರ ಎರಡು ಎಳೆಯುತ್ತಿದ್ದಳು.

*

ಸೋಮಲಿಂಗ ಕಲಿಕೆಯಲ್ಲಿ ಮಂದ. ಕಾಲು ಚಾಚಿ ಕೂತರೆ ಬೆನ್ನು ಹಿಂದಕ್ಕೆ ಬೀಳುತ್ತಿತ್ತು, ಬೆನ್ನು ನೆಟ್ಟಗಾದರೆ ಮೊಣಕಾಲು ಮೇಲೇಳುತ್ತಿತ್ತು. ಹಲ್ಲು ಕಚ್ಚಿ ಜಗ್ಗಾಡುತ್ತಿದ್ದ.

"ಜೋಲಿ ಹೊಡದ ಜಗ್ಗಬ್ಯಾಡ್ರಿ" ಎನ್ನುವಳು ಕಾವ್ಯ. "ಎಲ್ಲಿ ಬಿಗೀತೈತಿ ಅಲ್ಲೇ ನಿಲ್ರಿ. ಉಸಿರ ಬಿಡ್ರಿ. ಉಸಿರ ಬಿಟ್ಟಂಗ ಮೈ ತಾನ ಸಡಲಾಗತೈತಿ. ದಿನಾ ಸ್ವಲ್ಪ ಸ್ವಲ್ಪ. ಒಂದ ವಾರ ಬಿಟ್ರ ಮತ್ತ ಮೊದಲಿನಂಗ."

ಕೊನೆಗೆ ಅವನು ನಿಂತು ಬಗ್ಗಬೇಕು, ಅವಳು ಅಳೆಯಬೇಕು. ಅಳೆಯಲು ಟೇಪು ಇರಲಿಲ್ಲ. ಹೆಬ್ಬೆರಳು ನೆಲಕ್ಕೂರಿ ಕಿರುಬೆರಳನ್ನು ಮೇಲಕ್ಕೆ ಚಾಚುವಳು. ಮೊದಲ ದಿನ ಇಡೀ ಗೇಣು ಬಿಚ್ಚಿದಾಗ ಆ ಕಿರುಬೆರಳ ತುದಿ ಅವನ ಬೆರಳ ತುದಿಗೆ ಬರೀ ತಾಗಿತ್ತು. ಅಷ್ಟಕ್ಕೇ ಅವನು ಇಡೀ ದಿನ ಗೇರ್ ಬದಲಿಸುವುದನ್ನೇ ಮರೆತು ಟ್ರ್ಯಾಕ್ಟರು ಓಡಿಸಿದ್ದ.

ದಿನ ಹೋದಂತೆ ಗೇಣು ಮುಷ್ಟಿಯಾಯಿತು, ಮುಷ್ಟಿ ನಾಲ್ಕು ಬೆರಳಾಯಿತು. ನೆಲ ಹತ್ತಿರವಾದಂತೆ ಅವಳ ಕೈಯೂ ಹತ್ತಿರವಾಗುತ್ತಿತ್ತು. ಆಮೇಲೆ ಅವನಿಗೊಂದು ವಿಚಿತ್ರ ಚಿಂತೆ ಹತ್ತಿತು. ನೆಲ ಮುಟ್ಟಿಬಿಟ್ಟರೆ ಅಳೆಯಲು ಇವಳು ಯಾಕೆ ಬರುತ್ತಾಳೆ?

"ಮತ್ತ ಉಸಿರ ಹಿಡದೀರಿ" ಅಂದಳು ಒಂದು ದಿನ, ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು. "ಎಷ್ಟ ಸರ್ತಿ ಹೇಳೂದು?"

"ನಾ ಹಿಡಿಯೂದಿಲ್ರಿ" ಅಂದ ಸೋಮಲಿಂಗ, ತಲೆ ಕೆಳಗಾಗಿ. "ನೀವ ಸನೇಕ ಬಂದ್ರ ಅದ ತಾನ ನಿಲ್ಲತೈತಿ."

ಕಾವ್ಯಳ ಬೆರಳು ಅಳತೆ ಮರೆಯಿತು. "ಬಗ್ಗಿದ್ರ ತಲಿಗೆ ರಕ್ತ ಏರತೈತಿ, ಏನೇನರ ಮಾತಾಡಸತೈತಿ" ಎಂದು ಎದ್ದು ಹೋದಳು. ಆದರೆ ಬಗ್ಗದೆಯೇ ಅವಳ ಮುಖಕ್ಕೂ ರಕ್ತ ಏರಿತ್ತು. ಬಾಳವ್ವ ಅದನ್ನು ನೋಡಿದಳು. ಬಾಳವ್ವ ನೋಡದಿದ್ದದ್ದು ಆ ಊರಲ್ಲಿ ಕಡಿಮೆ.

ಕಬ್ಬು ಎಳೆಯುವಾಗ ಅವಳೇ ಅವನ ಕಿವಿಗೆ ಹಾಕಿದಳು. "ತಮ್ಮಾ, ಲಗೂನ ಬಗ್ಗೋ. ಸಂಕ್ರಾಂತಿ ಮರುದಿನ ಬೀಳಗಿಯವರು ಹೆಣ್ಣ ನೋಡಾಕ ಬರಾಕತ್ತಾರ. ಆ ಹುಡುಗ ಅಡ್ಡಬಿದ್ದ ನಮಸ್ಕಾರ ಮಾಡ್ತಾನಂತ."

ಸೋಮಲಿಂಗನಿಗೆ ದಿನಾ ಸ್ವಲ್ಪ ಸ್ವಲ್ಪ ಅನ್ನುವ ಪಾಠ ಅಲ್ಲಿಗೇ ಮರೆತುಹೋಯಿತು. ಕಾರ್ಖಾನೆಯ ಅಂಗಳದಲ್ಲಿ ಗಾಡಿಗಳ ಸಾಲಿನಲ್ಲಿ ನಿಂತಾಗ ಗೆಳೆಯ ಪಾಂಡಪ್ಪನನ್ನು ಕರೆದ. "ಲೇ ಪಾಂಡ್ಯಾ, ನಾ ಬಗ್ಗತೇನಿ, ನೀ ಮ್ಯಾಲಿಂದ ಒತ್ತು."

"ಎಷ್ಟ ಒತ್ತಲಿ?"

"ನೆಲಾ ಮುಟ್ಟೂ ತನಾ ಒತ್ತಲೇ."

ಪಾಂಡಪ್ಪ ಕಬ್ಬಿನ ಹೊರೆ ಕಟ್ಟುವ ಆಳು. ಹೊರೆ ಅಂದುಕೊಂಡೇ ಒತ್ತಿದ. ಕಟಕ್ ಅಂತು.

*

ಮುಂದಿನ ದಿನಗಳಲ್ಲಿ ಕ್ಲಾಸಿನ ಮುಂದೆ ಟ್ರ್ಯಾಕ್ಟರು ಬರಲೇ ಇಲ್ಲ, ಅದು ಕಾರ್ಖಾನೆಗೆ ಬೇರೆ ದಾರಿ ಹಿಡಿದಿತ್ತು. ಹೆಂಗಸರು ಖಾಲಿ ರಸ್ತೆ ನೋಡಿ ಗೊಣಗಿದರು. ಕಾವ್ಯ ಎಡಗೈ ಎತ್ತಿ ಅನ್ನುವಲ್ಲಿ ಬಲಗಾಲು ಎತ್ತಿ ಅಂದಳು. ಒಂದು ದಿನ ಸಾಲಿ ಬಿಟ್ಟ ಮೇಲೆ ಸ್ಕೂಟಿ ತಿರುಗಿಸಿಕೊಂಡು ಕಾರ್ಖಾನೆಗೇ ಹೋದಳು.

ಸೋಮಲಿಂಗ ಟ್ರ್ಯಾಕ್ಟರಿನ ದೊಡ್ಡ ಗಾಲಿಗೆ ಒರಗಿ ನಿಂತಿದ್ದ, ಅಳತೆಗೋಲಿನಂತೆ ನೆಟ್ಟಗೆ. ಅವಳನ್ನು ಕಂಡು ಗಾಬರಿಯಲ್ಲಿ ತಿರುಗಲು ಹೋಗಿ "ಅವ್ವಾ!" ಅಂದ.

"ಏನ ಮಾಡಕೊಂಡ್ರಿ?"

"ಪಾಂಡ್ಯಾ ಒತ್ತಿದ್ರಿ."

"ನಾ ಎಲ್ರಿ, ಅಂವನ ಒತ್ತು ಅಂದಾ!" ಟ್ರಾಲಿಯ ಹಿಂದಿನಿಂದ ಪಾಂಡಪ್ಪನ ದನಿ ಬಂತು.

"ಬೀಳಗಿಯವರು ಬರಾಕತ್ತಾರಂತಲ್ರಿ" ಅಂದ ಸೋಮಲಿಂಗ, ನೆಲ ನೋಡುತ್ತಾ. "ಗಡಿಬಿಡಿ ಮಾಡಿದೆ."

ಕಾವ್ಯಳಿಗೆ ಸಿಟ್ಟು ಬಂದಿತ್ತು. ಆದರೆ ಆ ಸಿಟ್ಟಿನ ಅಡಿಯಲ್ಲಿ ಬೇರೇನೋ ಇತ್ತು. "ಬೀಳಗಿಯವರು ಬಂದ್ರ ಚಹಾ ಕುಡದ ಹೋಗತಾರ. ಬಂದವರ ಜೋಡಿ ನಾ ಗಾಡಿ ಹತ್ತಿ ಹೋಗತೇನೇನು? ಬಾಯಾಗ ಒಂದ ಮಾತ ಕೇಳಿದ್ರ ಸಾಕಿತ್ತ. ನಡ ಮುರಕೊಂಡ ಕೇಳಬೇಕೇನು?"

ಅವನು ಬಾಯಿಯೇನೋ ತೆರೆದ. ಕೇಳಲು ಉಸಿರು ಬೇಕಲ್ಲ.

"ನಾಕ ದಿನ ಸುಮ್ಮನ ಇದ್ದ, ನೋವ ಕಡಿಮಿ ಆದ ಮ್ಯಾಲ ಬರ್ರಿ. ಹಗೂರಕ ಶುರು ಮಾಡೂಣು. ನೀವ ಬರಲಿಲ್ಲಂದ್ರ ಅಲ್ಲಿ..." ಅವಳು ನಿಂತಳು.

"ಅಲ್ಲಿ?"

"ಕಬ್ಬಿಲ್ಲಂತ ಎಲ್ಲಾರೂ ನನಗ ಬಯ್ಯಾಕತ್ತಾರ."

"ಅಷ್ಟ ಏನ್ರಿ?"

ಕಾವ್ಯ ಸ್ಕೂಟಿ ಚಾಲೂ ಮಾಡಿದಳು. ಸ್ವಲ್ಪ ದೂರ ಹೋಗಿ, ತಿರುಗಿ ನೋಡಿ, ಅಲ್ಲಿಂದಲೇ ಅಂದಳು. "ಅಷ್ಟ ಅಲ್ಲ."

ಪಾಂಡಪ್ಪ ಒಂದು ಕಬ್ಬು ಮುರಿದು ಸೋಮಲಿಂಗನ ಕೈಗಿಟ್ಟ. "ನಾ ಒತ್ತಿದ್ದ ಛಲೋ ಆತ ನೋಡ."

*

ಸಂಕ್ರಾಂತಿಯ ದಿನ ಸಕ್ಕರೆ ಪಾಕದ ಕುಸರೆಳ್ಳು ತಂದವರನ್ನು ಬಾಗಿಲಿಂದ ಹಿಂದೆ ಕಳಿಸುವ ಮನೆ ನಮ್ಮ ಸೀಮೆಯಲ್ಲಿಲ್ಲ. ವರ್ಷದ ಜಗಳಗಂಟರೂ ಅಂದು ಚಿಟಿಕೆ ಎಳ್ಳು ಕೊಟ್ಟು ಹಿರಿಯರ ಕಾಲಿಗೆರಗಿ ಹೋಗುತ್ತಾರೆ. ಸೋಮಲಿಂಗ ಅಪ್ಪನನ್ನು ಕರೆದುಕೊಂಡು, ಸಡಿಲ ಪ್ಯಾಂಟು ಹಾಕಿಕೊಂಡು ಬಂದ. ಪಡಸಾಲೆಯಲ್ಲಿ ಓಣಿಯ ಅರ್ಧ ಮಂದಿ ಕೂತಿದ್ದರು. ಬಾಳವ್ವ ಮುಂದೆಯೇ ಇದ್ದಳು.

ಕಾವ್ಯ ಪಕ್ಕದಲ್ಲಿ ಹಾದುಹೋಗುತ್ತಾ ಪಿಸುಗುಟ್ಟಿದಳು. "ಮೊಣಕಾಲ ಊರಿ ಮಾಡ್ರಿ. ನಡ ಇನ್ನಾ ಪೂರಾ ಸರಿ ಆಗಿಲ್ಲ."

"ಅವತ್ತ ನಿಂತ ಮುಟ್ಟಾಕ ಆಗಲಿಲ್ರಿ. ಇವತ್ತ ನಿಂತ ಮುಟ್ಟತೇನಿ."

ಇಂದ್ರವ್ವ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಈ ಸಲ ಕಾಲು ಚಾಚಿರಲಿಲ್ಲ.

"ಎಳ್ಳ ಬೆಲ್ಲಾ ತೊಗೊಂಡ ಎಳ್ಳ ಬೆಲ್ಲದಂಗ ಇರೂಣ್ರಿ ಆಯಿ" ಎಂದು ಆಕೆಯ ಅಂಗೈಗೆ ಕುಸರೆಳ್ಳು ಹಾಕಿ, ಸೋಮಲಿಂಗ ಉಸಿರು ಬಿಟ್ಟ. ಬಗ್ಗಿದ. ಗೇಣು. ಮುಷ್ಟಿ. ನಾಲ್ಕು ಬೆರಳು. ಮತ್ತೆ ಉಸಿರು ಬಿಟ್ಟ. ಬೆರಳ ತುದಿಗೆ ತಣ್ಣಗಿನ, ಒರಟಾದ ಪಾದ ಸಿಕ್ಕಿತು. ಎರಡೂ ಪಾದ! ಖುಷಿಗೆ ಅವನ ಉಸಿರು ನಿಂತಿತು. ಅದರ ಜೊತೆ ನಡವೂ ಅಲ್ಲೇ ಹಿಡಿದುಕೊಂಡಿತು.

ಏಳಲು ನೋಡಿದ. ಆಗಲಿಲ್ಲ. ಇನ್ನೊಮ್ಮೆ ನೋಡಿದ. ಕಾಲ ಬಳಿ ಬಗ್ಗಿದವನು ಬಗ್ಗಿಯೇ ಉಳಿದ.

ಪಡಸಾಲೆಯ ಮಂದಿ ಕತ್ತು ಚಾಚಿ ನೋಡಿದರು. "ಏನ ಭಕ್ತೀಪಾ ಹುಡುಗಂದು!" ಅಂದ ಚನಮಲ್ಲಪ್ಪ, ಗದ್ಗದನಾಗಿ. ಶಿವಯೋಗೆಪ್ಪ ಕಣ್ಣು ಒರೆಸಿಕೊಂಡ. ಮಗ ಇಷ್ಟು ವಿನಯವಂತ ಅಂತ ಅವನಿಗೂ ಗೊತ್ತಿರಲಿಲ್ಲ.

ಇಂದ್ರವ್ವ ಆಶೀರ್ವಾದ ಮಾಡುವಂತೆ ಬಗ್ಗಿ, ಬಾಯಿ ಅವನ ಕಿವಿಯ ಹತ್ತಿರ ತಂದಳು.

"ನಡ ಹಿಡೀತೇನೋ?"

"ಹ್ಞೂನ್ರಿ ಆಯಿ."

"ಸುಮ್ಮ ಇರು. ಮಂದಿ ಭಕ್ತಿ ಅನಕೊಂಡಾರ."

ಬಗ್ಗಿದಲ್ಲೇ ಸೋಮಲಿಂಗನ ಕಣ್ಣು ಅಗಲವಾದವು. "ನಿಮಗ ಗೊತ್ತಿತ್ತೇನ್ರಿ?"

"ಬಾಳವ್ವ ದಿನಾ ಎರಡ ಕಬ್ಬ ಯಾಕ ಎಳೀತಿದ್ಳ ಅಂತ ಮಾಡಿದಿ? ಒಂದ ನಂದು. ಹಲ್ಲ ಗಟ್ಟಿ ಅದಾವ ನನಗ." ಆಕೆಯ ದನಿ ಮೆತ್ತಗಾಯಿತು. "ಸೊಕ್ಕಿದ್ದಾಂವ ಇಷ್ಟ ಮುದಕ್ಯಾರ ನಡುವ ನಿಂತ ನಗಿಸಿಕೋತ ಬಗ್ಗೂದ ಕಲಿಯೂದಿಲ್ಲೋ ತಮ್ಮಾ. ನಂದ ತಿಳವಳಿಕಿ ತಪ್ಪಿತ್ತ."

ಆಮೇಲೆ ಅವನ ತಲೆಯ ಮೇಲೆ ಅಂಗೈ ಇಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದಳು. "ಚನಮಲ್ಲಪ್ಪಾ, ಬೀಳಗಿಯವರಿಗೆ ಫೋನ್ ಮಾಡಿ ಬರಬ್ಯಾಡ್ರಿ ಅನ್ನು. ಕಾವ್ಯಾ, ಬಾ ಇಲ್ಲೆ. ನಿನ್ನ ಸಾಮಾನ ನೀನ ಎತ್ತಕೋ."

ಕಾವ್ಯ ಬಂದು ಪಕ್ಕದಲ್ಲಿ ಕೂತಳು, ಕ್ಲಾಸಿನಲ್ಲಿ ಕೂರುತ್ತಿದ್ದ ಹಾಗೆಯೇ. ಒಂದು ಕೈ ಅವನ ಬೆನ್ನಿಗೆ ಹಚ್ಚಿದಳು. ಇನ್ನೊಂದು ಕೈ, ಗೇಣು ಬಿಚ್ಚದೆ, ಅವನ ಕೈಯನ್ನೇ ಹಿಡಿಯಿತು. ಅಷ್ಟು ಜನರ ಎದುರಿಗೆ.

"ಉಸಿರ ಬಿಡ್ರಿ" ಅಂದಳು ಮೆಲ್ಲಗೆ.

"ನೀವ ಹಿಂಗ ಹಿಡದ್ರ ಹೆಂಗ ಬಿಡೂದ್ರಿ?"

"ಹಂಗಾದ್ರ ಬಿಡಬ್ಯಾಡ್ರಿ" ಅಂದಳು ಕಾವ್ಯ. "ಕೈನೂ ಬಿಡಬ್ಯಾಡ್ರಿ. ನಂಗೇನ ಅವಸರ ಇಲ್ಲ."