ನೀಲಿ ಚೌಕದ ಮೇಲಿನ ಕೆಂಪು ಚುಕ್ಕಿ

ಕೌದಿಯ ಹೊಟ್ಟೆ ಖಾಲಿಯಾಗಿದ್ದನ್ನು ಮೊದಲು ನೋಡಿದವಳು ವಿಮಲ. ನೋಡಿದ ಮೇಲೂ ನಂಬಿಕೆ ಬಾರದೆ ಅದನ್ನು ಎರಡು ಸಲ ಕೊಡವಿದಳು. ಮಗಳು ಮೇಘನಾಳಿಗೆ ಹುಟ್ಟಲಿದ್ದ ಕೂಸಿಗೆಂದು ಮನೆಯಲ್ಲೇ ಹೊಲಿಸುತ್ತಿದ್ದ ಫ್ಲಾನೆಲ್ ಕೌದಿ ಅದು. ಬೆಳಿಗ್ಗೆ ಕೊನೆಯ ಅಂಚು ಮುಚ್ಚಿದಾಗ ಉಬ್ಬಿಕೊಂಡು ಕೂತಿತ್ತು. ಊಟ ಮಾಡಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಆ ಅಂಚು ಬಿಚ್ಚಿ, ಒಳಗಿನ ಬೂರುಗದ ಹತ್ತಿಯಷ್ಟೂ ಮಾಯ. ಬಟ್ಟೆಗೆ ಒಂದು ಗೀರೂ ಇಲ್ಲ. ನೀಲಿ ಚೌಕದ ಮೇಲೆ ಮಾತ್ರ ಸಾಸಿವೆಯಷ್ಟು ಕೆಂಪು ಚುಕ್ಕಿ.

"ರಕ್ತ," ಎಂದ ಗಂಡ ಪ್ರಸನ್ನ. "ಅವಸರದಲ್ಲಿ ಸೂಜಿ ಚುಚ್ಕೊಂಡಿದಾಳೆ. ಯಾರು ಅಂತ ಬೇರೆ ಹೇಳ್ಬೇಕಾ?"

ಯಾರು ಎಂದರೆ ಜಿಷಾ. ಕೇಣಿಚಿರದ ಸುತ್ತಮುತ್ತ ಮನೆಮನೆಗೆ ಹೋಗಿ ಹೊಲಿದುಕೊಡುವ ಮಲಯಾಳಿ ಹುಡುಗಿ. ಅಪ್ಪನ ತಲೆದಿಂಬಿಗೆ ಮಿಕ್ಕ ಹತ್ತಿ ಕೊಡ್ತೀರಾ ಎಂದು ನಿನ್ನೆ ಬಾಯಿಬಿಟ್ಟು ಕೇಳಿದ್ದಳು. ಅದೇ ಈಗ ಸಾಕ್ಷಿಯಾಯಿತು.

"ಚೇಚಿ, ನಾನು ಮುಟ್ಟೇ ಇಲ್ಲ," ಎಂದಳು ಜಿಷಾ ವಿಮಲಳಿಗೆ, ಕತ್ತರಿಯನ್ನು ಚೀಲಕ್ಕೆ ಹಾಕುತ್ತ. "ಈ ಮಾತು ಹೊಸಿಲು ದಾಟಿದ್ರೆ ನನ್ನ ಇನ್ಯಾವ ಮನೇಲೂ ಒಳಗೆ ಬಿಡಲ್ಲ. ಅದೊಂದು ನೆನಪಿರ್ಲಿ."

ಮನೆಯಲ್ಲಿ ಇನ್ನಿದ್ದವರು ಅತ್ತೆ ಪದ್ಮಲಮ್ಮ. ಚತುರ್ದಶಿಯ ಉಪವಾಸ, ಜೊತೆಗೆ ಮರುದಿನ ಸೂರ್ಯ ಹುಟ್ಟುವವರೆಗೆ ಮೌನ. ಹಿತ್ತಿಲ ಕಡೆಯ ದೇವರ ಕೋಣೆಯಲ್ಲಿ ಕಣ್ಣುಮುಚ್ಚಿ ಜಪಕ್ಕೆ ಕೂತಿದ್ದರು. ಅವರನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ತಲೆ ಕೆಟ್ಟಾಗ ಆ ಕಡೆಯವರೆಲ್ಲ ಮಾಡುವುದನ್ನೇ ವಿಮಲ ಮಾಡಿದಳು: ಪಕ್ಕದ ಮನೆಯಿಂದ ಭಾವ ಶಾಂತಿನಾಥರನ್ನು ಕರೆದಳು. ಕರೆಂಟ್ ಮೀಟರ್ ಓದುತ್ತ ಊರಿನ ಮನೆಗಳನ್ನೆಲ್ಲ ಹೊಕ್ಕು ಬಂದಿದ್ದ ಅವರು, ನಿವೃತ್ತರಾದ ಮೇಲೆ ಕಳೆದುಹೋದ ವಸ್ತುಗಳಿಗೇ ತಮ್ಮನ್ನು ಮುಡಿಪಾಗಿಟ್ಟಿದ್ದರು. ಎಲ್ಲ ಕಡೆಗೂ ವಿಮಲಳನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಅರ್ಧದಲ್ಲೇ ಅರ್ಥಮಾಡಿಕೊಂಡುಬಿಡುವ ಕೇಳುಗರು ಅವರಿಗೆ ಹಿಡಿಸುತ್ತಿರಲಿಲ್ಲ.

ಕೌದಿಯ ಪಕ್ಕದಲ್ಲಿ ಬಿಚ್ಚಿದ ದಾರ ತುಂಡಾಗದೆ, ಸುರುಳಿ ಸುತ್ತಿ ಕೂತಿತ್ತು.

"ಜಿಷಾ ದಾರ ಹೇಗೆ ಕತ್ತರಿಸ್ತಾಳೆ?"

"ಹಲ್ಲಲ್ಲಿ. ಎಷ್ಟು ಸಲ ಬೈದಿದೀನಿ ಭಾವ."

"ಚುಕ್ಕಿ ಎಲ್ಲಿ?"

ವಿಮಲ ನೀಲಿ ಚೌಕಕ್ಕೆ ಬೆರಳಿಟ್ಟಳು. ಚುಕ್ಕಿ ಅಲ್ಲಿರಲಿಲ್ಲ, ಪಕ್ಕದ ಹಳದಿ ಚೌಕದ ಮೇಲಿತ್ತು. "ನೀಲಿ ಮೇಲೇ ನೋಡಿದ್ದೆ... ಈಗ ನಂಗೇ ಗೊತ್ತಾಗ್ತಿಲ್ಲ."

ಭಾವ ಹಿತ್ತಿಲಿಗೆ ನಡೆದರು. ಬೂರುಗದ ಮರದ ಬುಡದಲ್ಲಿ, ಬೇರುಗಳ ಸಂದಿಯಲ್ಲಿ ಬೆಳ್ಳಗೆ ಹತ್ತಿಯ ಗುಡ್ಡೆ ಬಿದ್ದಿತ್ತು.

"ಮರದ್ದೇ ಉದುರಿರ್ಬೇಕು," ಎಂದಳು ವಿಮಲ.

"ಬೀಜ, ಸಿಪ್ಪೆ ಎಲ್ಲ ತೆಗೆದು ಬರೀ ಹತ್ತಿ ಉದುರ್ಸೋ ಮರ. ಜಾಣ ಮರ. ಕೌದಿಗೆ ತುಂಬೋ ಮುಂಚೆ ಹತ್ತೀನ ಬಿಸಿಲಿಗೆ ಹಾಕಿದ್ದೆಯಾ?"

"ಎಲ್ಲಿ! ಮಳೆ ಬರೋ ಹಂಗಿತ್ತು. ಬೀಜ ಬಿಡಿಸಿ ನೇರ ತುಂಬಿದೆ."

ಅವಳಿಗೆ ಮರ, ಮಳೆ, ಹಲ್ಲು, ಚುಕ್ಕಿ ಎಲ್ಲ ಕಲಸಿಕೊಂಡಿತು. ಭಾವ ಎಲ್ಲರನ್ನೂ ದೇವರ ಕೋಣೆಯ ಬಾಗಿಲಿಗೆ ಕರೆದರು.

"ಅಮ್ಮ ಮೌನದಲ್ಲಿದಾರೆ," ಎಂದ ಪ್ರಸನ್ನ. "ಇಲ್ಲಿ ಯಾಕೆ?"

"ಅದಕ್ಕೇ ಇಲ್ಲಿ. ಕೇಳು. ಕಳ್ಳನಿಗೆ ದಾರದ ಮೇಲೆ ಮರುಕ ಇರಲ್ಲ. ಜಿಷಾ ಆಗಿದ್ರೆ ಹಲ್ಲಲ್ಲಿ ಕಡೀತಿದ್ಲು. ದುಡ್ಡು ಕೊಟ್ಟು ತಂದ ಫ್ಲಾನೆಲ್ ಬಿಟ್ಟು, ಹಿತ್ತಿಲಲ್ಲಿ ಪುಕ್ಕಟೆ ಬೀಳೋ ಹತ್ತೀನ ಕದಿಯಲ್ಲ. ಕದ್ದರೂ ಮರದ ಬುಡದಲ್ಲಿ ಬಿಟ್ಟು ಹೋಗಲ್ಲ."

"ಮತ್ತೆ ಆ ರಕ್ತ?"

"ರಕ್ತ ನೀಲಿಯಿಂದ ಹಳದಿಗೆ ನಡ್ಕೊಂಡು ಹೋಗಲ್ಲ ಪ್ರಸನ್ನ. ಬೂರುಗದ ಕೆಂಪು ಹುಳ ಹೋಗ್ತದೆ. ಬಿಸಿಲು ಕಾಣದ ಹತ್ತಿ ಜೊತೆ ಅದರ ಮರಿಗಳೂ ಒಳಗೆ ಹೋದ್ವು, ನಾವು ಹೊಲಿದು ಮುಚ್ಚಿದ್ವಿ. ಹೊಲಿಗೆ ಸಂದೀಲಿ ಒಂದು ತಲೆ ಹಾಕಿದ್ದು ಯಾರ ಕಣ್ಣಿಗೋ ಬಿದ್ದಿದೆ. ಇರುವೆಗೂ ದಾರಿ ಬಿಟ್ಟು ನಡೆಯೋ ಮನೆ ಇದು. ನಾನಾಗಿದ್ರೆ ಕೂಗ್ತಿದ್ದೆ, ವಿಮಲ ಕೂಗ್ತಿದ್ಲು. ಕೂಗೋಕೆ ಆಗದೋರು ಇವತ್ತು ಒಬ್ಬರೇ. ಬಾಯಲ್ಲಿ ಹೇಳೋದನ್ನ ಕೈಯಲ್ಲಿ ಮಾಡಿ, ಹುಳಗಳ ಸಂಸಾರನ ಹತ್ತಿ ಸಮೇತ ಮರಕ್ಕೆ ಮುಟ್ಟಿಸಿ ಬಂದು ಜಪಕ್ಕೆ ಕೂತಿದಾರೆ."

ಪದ್ಮಲಮ್ಮ ಕಣ್ಣು ತೆರೆದು ಒಮ್ಮೆ ತಲೆಯಾಡಿಸಿದರು.

"ಆದ್ರೆ ಇವಳು ಅಪ್ಪನ ದಿಂಬಿಗೆ ಹತ್ತಿ ಕೇಳಿದ್ಲಲ್ಲ!" ಎಂದುಬಿಟ್ಟ ಪ್ರಸನ್ನ.

ಮುದುಕಿಯ ಕಣ್ಣು ಜಿಷಾಳ ಹೆಗಲಿಗೇರಿದ್ದ ಚೀಲಕ್ಕೆ ಹೋಯಿತು, ಅಲ್ಲಿಂದ ಮಗನ ಮುಖಕ್ಕೆ ಬಂತು, ಅಲ್ಲೇ ನಿಂತಿತು. ವಿಮಲಳಿಗೆ ಆ ದಿನ ಅರ್ಥವಾದ ಮೊದಲ ಸಂಗತಿ ಆ ನೋಟ. ಹತ್ತಿ ಒಣಗಿಸದಿದ್ದವಳು ತಾನು ಎಂಬುದು ಎರಡನೆಯದು. ಅವಳು ಜಿಷಾಳ ಹೆಗಲಿಂದ ಚೀಲ ಇಳಿಸಿಕೊಂಡಳು.

"ನಾಳೆ ಬರ್ತೀಯಲ್ಲ ಮೋಳೆ?" ಎಂದಳು, ಅವಳದೇ ಭಾಷೆಯಲ್ಲಿ ಮಗಳೆಂದು ಕರೆದು.

"ನೋಡಣ ಚೇಚಿ," ಎಂದು ಜಿಷಾ ಬರಿಗೈಯಲ್ಲಿ ಹೊರಟಳು.

ಮರುದಿನ ಸೂರ್ಯ ಹುಟ್ಟುತ್ತಲೇ ಪದ್ಮಲಮ್ಮ ಜಗುಲಿಗೆ ಬಂದು ಮೌನ ಮುರಿದರು. "ಪ್ರಸನ್ನಾ, ಚಾಪೆ ಹಾಸು. ಕೌದಿಗೂ ಆ ಹುಡುಗಿಯ ಅಪ್ಪನ ದಿಂಬಿಗೂ ಆಗುವಷ್ಟು ಹತ್ತಿ ಬಿಡಿಸು. ಹುಳ ಒಂದೂ ಸಾಯಬಾರದು, ಆರಿಸಿ ಮರಕ್ಕೆ ಬಿಡು. ದಿಂಬಿಂದು ನೀನೇ ಹೊತ್ಕೊಂಡು ಹೋಗಿ ಕೊಟ್ಟು ಬಾ."

ಬಿಸಿಲೇರುವ ಹೊತ್ತಿಗೆ ಪ್ರಸನ್ನ ಮೂಗಿನ ಮೇಲೆಲ್ಲ ಹತ್ತಿ ಮೆತ್ತಿಕೊಂಡು ಅಂಗಳದಲ್ಲಿ ಬಗ್ಗಿ ಕೂತಿದ್ದ. ಗೇಟು ಕಿರ್ ಎಂದಿತು. ಜಿಷಾ ಒಳಗೆ ಬಂದು, ಚಾಪೆಯ ಪಕ್ಕ ಒಂದು ಗಳಿಗೆ ನಿಂತಳು.

"ಚೇಟ್ಟಾ," ಎಂದಳು ಪ್ರಸನ್ನನಿಗೆ, "ಅಲ್ಲೊಂದು ಉಳೀತು ನೋಡಿ. ರಕ್ತ."

ಮತ್ತೆ ಸೂಜಿ ಹುಡುಕುತ್ತ ಒಳಗೆ ಹೋದಳು.